ಟೀಚರನ್ನು ಕೇಳಿ: ಬಾಗಿಲು ಹಾಕಿತ್ತಲ್ವಾ, ಒಳಗೆ ಹೇಗೆ ಬಂದ್ರು?

ಈ ವರ್ಷ ಪಾಸ್ಕ ಹಬ್ಬ, ಅಂದರೆ ಯೇಸುಸ್ವಾಮಿ ಸಾವಿನಿಂದ ಎದ್ದ ಈಸ್ಟರ್, ಏಪ್ರಿಲ್ 5ಕ್ಕೆ ಬಂತು. ಪವಿತ್ರಾತ್ಮರ ಹಬ್ಬ ಮೇ 24ಕ್ಕೆ. ನಡುವಿನ ಐವತ್ತು ದಿನ ಚರ್ಚಿನ ಪೂಜೆಯಲ್ಲಿ ಓದುವ ಶುಭಸಂದೇಶದ (ಯೇಸುಸ್ವಾಮಿಯ ಬದುಕು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳು: ಮತ್ತಾಯ, ಮಾರ್ಕ, ಲೂಕ, ಯೊವಾನ್ನ) ಬಗ್ಗೆಯೇ ಈ ಸಲ ಜಾಸ್ತಿ ಪತ್ರಗಳು. ಒಂದು ಚೀಲ ತುಂಬಿದೆ. ಎಲ್ಲಕ್ಕೂ ಉತ್ತರಿಸಲು ಜಾಗ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹೊಸ ಓದುಗರಿಗೆ ಒಂದು ಮಾತು. ನಾನು ಗುರುಗಳೂ ಅಲ್ಲ, ಸಿಸ್ಟರೂ ಅಲ್ಲ. ಹಾಸನದ ಕಡೆಯ ಶಾಲೆಗಳಲ್ಲಿ 34 ವರ್ಷ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಜ್ಞಾನೋಪದೇಶ, ಅಂದರೆ ಧರ್ಮದ ಪಾಠ, ಮಾಡುತ್ತೇನೆ. ಹಾಗಾಗಿ ನನ್ನದು ಶಾಲೆಯ ಅಭ್ಯಾಸ. ಮೊದಲು ಪಾಠದಲ್ಲಿ ಏನು ಬರೆದಿದೆ ನೋಡು, ಆಮೇಲೆ ನಿನ್ನ ಅಭಿಪ್ರಾಯ ಹೇಳು ಅನ್ನುವವಳು. ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಸಭೆಯ ಓದುಗರು ನಾನು ಯೊವಾನ್ನ ಎಂದಲ್ಲೆಲ್ಲ ಯೋಹಾನ ಎಂದು ಓದಿಕೊಳ್ಳಿ. ಆಸಾಮಿ ಒಬ್ಬನೇ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಬಂದಿದೆ. ಖಾಲಿ ಸಮಾಧಿಯಲ್ಲಿ ಯೇಸುಸ್ವಾಮಿಯ ತಲೆಗೆ ಸುತ್ತಿದ್ದ ಬಟ್ಟೆಯನ್ನು ಮಡಚಿ ಇಟ್ಟಿತ್ತಲ್ಲ. ಯೆಹೂದ್ಯರಲ್ಲಿ ಯಜಮಾನ ಊಟದ ನಡುವೆ ಎದ್ದು ಹೋಗುವಾಗ ಕೈವಸ್ತ್ರ ಮಡಚಿಟ್ಟರೆ ‘ಮತ್ತೆ ಬರುತ್ತೇನೆ’ ಎಂದು ಅರ್ಥವಂತೆ. ನಿಜವೇ?
(ಓದುಗರೊಬ್ಬರು, ಚಿಕ್ಕಮಗಳೂರು)

ಈ ಮೆಸೇಜ್ ನನಗೂ ನಾಲ್ಕು ಗುಂಪಿನಿಂದ ಬಂದಿದೆ. ಕಥೆ ಮುದ್ದಾಗಿದೆ. ಆದರೆ ಅಂಥ ಪದ್ಧತಿ ಇತ್ತು ಅನ್ನಲು ಹಳೇ ಕಾಲದ ಯಾವ ಆಧಾರವೂ ಇಲ್ಲ. ಅದು ಊಟದ ಬಟ್ಟೆಯೂ ಅಲ್ಲ. ಗ್ರೀಕ್ ಮೂಲದಲ್ಲಿ ಇರುವ ಪದ ‘ಸೂದಾರಿಯೊನ್’. ಬೆವರು ಒರೆಸಿಕೊಳ್ಳುವ ಬಟ್ಟೆ. ನಮ್ಮವರ ಹೆಗಲ ಮೇಲಿನ ಟವೆಲ್ ಅಂದುಕೊಳ್ಳಿ. ಸತ್ತವರ ಮುಖಕ್ಕೂ ಅದನ್ನು ಸುತ್ತುತ್ತಿದ್ದರು.

ಮೆಸೇಜ್ ಬಿಟ್ಟು ಯೊವಾನ್ನನ ಪುಸ್ತಕವನ್ನೇ 20ನೇ ಅಧ್ಯಾಯದ ಖಾಲಿ ಸಮಾಧಿಯಿಂದ ಒಂಬತ್ತು ಅಧ್ಯಾಯ ಹಿಂದಕ್ಕೆ ತಿರುಗಿಸಿ. 11ನೇ ಅಧ್ಯಾಯ, 44ನೇ ವಚನ. ಸತ್ತಿದ್ದ ಲಾಜರ ಯೇಸುಸ್ವಾಮಿ ಕರೆದಾಗ ಸಮಾಧಿಯಿಂದ ಎದ್ದು ಬರುತ್ತಾನೆ. ಅವನ ಮುಖಕ್ಕೆ ಸುತ್ತಿದ್ದ ಬಟ್ಟೆಗೂ ಅದೇ ಪದ. ಕೈಕಾಲಿಗೆ ಕಟ್ಟು, ಮುಖಕ್ಕೆ ಬಟ್ಟೆ, ಹಾಗೇ ಹೊರಗೆ ಬಂದ. ‘ಬಿಚ್ಚಿ ಇವನನ್ನು’ ಎಂದು ಯೇಸುಸ್ವಾಮಿ ಬೇರೆಯವರಿಗೆ ಹೇಳಬೇಕಾಯಿತು. ಯೇಸುಸ್ವಾಮಿಯ ಸಮಾಧಿಯಲ್ಲಿ ಬಿಚ್ಚುವವರು ಯಾರೂ ಇರಲಿಲ್ಲ. ಬಟ್ಟೆ ಬೇರೆ ಕಡೆ ಸುತ್ತಿಟ್ಟು ಬಿದ್ದಿತ್ತು. ಹೆಣ ಕದ್ದವರು ಬಟ್ಟೆ ಬಿಚ್ಚಿ, ಜೋಡಿಸಿಟ್ಟು ಹೋಗುತ್ತಾರಾ ಎಂದು ಸಂತ ಜಾನ್ ಕ್ರಿಸೊಸ್ತೊಮ್ 4ನೇ ಶತಮಾನದಲ್ಲೇ ಕೇಳಿದ್ದರು. ಇಷ್ಟೆಲ್ಲ ಇರುವಾಗ ಆ ಕೈವಸ್ತ್ರದ ಕಥೆ ಯಾಕೆ ಬೇಕು ಹೇಳಿ. ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ಪಾಸ್ಕದ ಎರಡನೇ ಭಾನುವಾರ ಪ್ರತಿ ವರ್ಷ, ಯೇಸುಸ್ವಾಮಿ ಎದ್ದದ್ದನ್ನು ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನ ಕಥೆ ಓದುತ್ತಾರೆ. ನನ್ನ ಎಂಟು ವರ್ಷದ ಮಗಳು ಪೂಜೆಯ ಮಧ್ಯದಲ್ಲೇ ‘ಬಾಗಿಲು ಹಾಕಿತ್ತಲ್ವಾ, ಒಳಗೆ ಹೇಗೆ ಬಂದ್ರು?’ ಎಂದು ಜೋರಾಗಿ ಕೇಳಿದಳು. ಹಿಂದಿನ ಸಾಲಿನವರು ನಕ್ಕರು. ನಾನು ಬಾಯಿ ಮುಚ್ಚಿಸಿದೆ. ಏನು ಹೇಳಬೇಕಿತ್ತು?
(ಒಬ್ಬ ತಾಯಿ, ಆನೇಕಲ್)

ಅಮ್ಮಾ, ನೀವು ಬಾಯಿ ಮುಚ್ಚಿಸಿದಿರಿ, ಅಷ್ಟೇ. ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

1994 ಇರಬೇಕು. ಜ್ಞಾನೋಪದೇಶದ ಕ್ಲಾಸಿನಲ್ಲಿ ಇದೇ ಪಾಠ. ಒಬ್ಬ ಹುಡುಗ, ಹತ್ತು ವರ್ಷದವನು, ಕೈ ಎತ್ತಿದ. ‘ಮಿಸ್, ಬಾಗಿಲು ಹಾಕಿದ್ರೂ ಒಳಗೆ ಬಂದ್ರು ಅಂದ್ರೆ ಗಾಳಿ ತರ ಬಂದ್ರು ಅಂತ. ಗಾಳಿ ತರ ಇದ್ದವರು ಮೀನು ಹೆಂಗೆ ತಿಂದ್ರು?’ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದಾಗ ಬರುವ ಸಿಟ್ಟು ಅದು. ತಲೆಹರಟೆ ಮಾಡ್ತೀಯಾ ಎಂದು ಹೊರಗೆ ನಿಲ್ಲಿಸಿದೆ. ಬಾಗಿಲು ಹಾಕಿಕೊಂಡೆ. ಹಾಕಿಕೊಂಡು, ಬಾಗಿಲು ಹಾಕಿದ ಕೋಣೆಯ ಪಾಠವನ್ನು ಮುಂದುವರಿಸಿದೆ. ಒಳ್ಳೆಯ ಪಾಠವೇ ಮಾಡಿದೆ ಅನ್ನಿಸಿತ್ತು.

ರಾತ್ರಿ ಪಾತ್ರೆ ತೊಳೆಯುವಾಗ ನೆನಪಾಯಿತು. ಮೀನು ತಿಂದ ಮಾತು ಯೊವಾನ್ನನ ಆ ಪಾಠದಲ್ಲಿ ಇಲ್ಲ. ಅದು ಲೂಕನ 24ನೇ ಅಧ್ಯಾಯದ ಕೊನೆಯಲ್ಲಿದೆ. ಅಂದರೆ ಹುಡುಗ ಎರಡೂ ಪುಸ್ತಕ ಓದಿ, ಪಕ್ಕಪಕ್ಕ ಇಟ್ಟು ನೋಡಿದ್ದಾನೆ. ಇಡೀ ಕ್ಲಾಸಿನಲ್ಲಿ ಪಾಠ ಓದಿಕೊಂಡು ಬಂದವನು ಅವನೊಬ್ಬನೇ. ಅವನನ್ನೇ ಹೊರಗೆ ಹಾಕಿದ್ದೆ.

ಈಗ ಪಾಠಕ್ಕೆ ಬರೋಣ. ಗೋಡೆ ತೂರಿ ಬಂದರು ಎಂದು ಯೊವಾನ್ನ ಬರೆದಿಲ್ಲ. ಬಾಗಿಲು ಮುಚ್ಚಿತ್ತು, ಯೇಸು ಬಂದು ನಡುವೆ ನಿಂತರು, ‘ನಿಮಗೆ ಶಾಂತಿ’ ಎಂದರು. ಇಷ್ಟೇ. ಹೇಗೆ ಎಂಬುದನ್ನು ಅವನು ಹೇಳುವುದಿಲ್ಲ. ಮಗಳಿಗೂ ಅಷ್ಟೇ ಹೇಳಿ: ‘ಬರೆದವರು ಅದನ್ನ ಹೇಳಿಲ್ಲ ಪುಟ್ಟ, ನೀನು ಕೇಳಿದ್ದು ಸರಿ.’ ಮಕ್ಕಳಿಗೆ ಇದು ಸಾಕಾಗುತ್ತದೆ. ನಮಗೇ ಸಾಕಾಗುವುದಿಲ್ಲ.

ತೋಮನ ಬಗ್ಗೆಯೂ ಎರಡು ಮಾತು. ಅವನಿಗೆ ‘ಸಂಶಯದ ತೋಮ’ ಎಂಬ ಅಡ್ಡಹೆಸರು ಅಂಟಿಕೊಂಡಿದೆ. ಶುಭಸಂದೇಶದಲ್ಲಿ ಆ ಹೆಸರಿಲ್ಲ. ಅಲ್ಲಿರುವುದು ದಿದಿಮ, ಅಂದರೆ ಅವಳಿ. ಅವನು ಕೇಳಿದ್ದಾದರೂ ಏನು? ಕೈಯ ಗಾಯ, ಪಕ್ಕೆಯ ಗಾಯ ನೋಡಬೇಕು, ಮುಟ್ಟಬೇಕು ಅಂದ. 20ನೇ ಅಧ್ಯಾಯದ 20ನೇ ವಚನ ಓದಿ. ಮೊದಲ ಸಂಜೆ ಮಿಕ್ಕ ಶಿಷ್ಯರಿಗೆ ಯೇಸುಸ್ವಾಮಿ ತಾವಾಗಿಯೇ ಕೈ ಮತ್ತು ಪಕ್ಕೆ ತೋರಿಸಿದ್ದರು. ಆಮೇಲೇ ಅವರಿಗೆ ಸಂತೋಷವಾಯಿತು. ಮಿಕ್ಕವರಿಗೆ ಬಡಿಸಿದ್ದನ್ನೇ ತೋಮ ತನ್ನ ಎಲೆಗೂ ಬಡಿಸಿ ಅಂದ. ಪಂಕ್ತಿಯಲ್ಲಿ ತಡವಾಗಿ ಬಂದವನು, ಮುಟ್ಟಬೇಕು ಎಂಬುದನ್ನು ಸ್ವಲ್ಪ ಜೋರಾಗಿ ಕೇಳಿದ.

ಎಂಟು ದಿನ ಕಳೆದು ಮತ್ತೆ ಭಾನುವಾರ. ಆಗಲೂ ಬಾಗಿಲು ಮುಚ್ಚಿಯೇ ಇತ್ತು, ಗಮನಿಸಿದ್ದೀರಾ? ಪ್ರಭುವನ್ನು ಕಣ್ಣಾರೆ ಕಂಡವರೇ ಒಳಗಿದ್ದರು. ಆದರೂ ಚಿಲಕ ತೆಗೆದಿರಲಿಲ್ಲ.

ಇನ್ನು ಬೆರಳು. ಇಟಲಿಯ ಚಿತ್ರಕಾರ ಕಾರವಾಜ್ಜೊ 1600ರ ಆಸುಪಾಸಿನಲ್ಲಿ ಬರೆದ ಚಿತ್ರ ನೀವು ಕ್ಯಾಲೆಂಡರಿನಲ್ಲಿ ನೋಡಿರಬಹುದು. ತೋಮನ ಬೆರಳು ಗಾಯದೊಳಗೆ ಹೋಗಿದೆ. ಶುಭಸಂದೇಶದಲ್ಲಿ ಬೆರಳು ಹಾಕು ಎಂದು ಕರೆದದ್ದಿದೆ. ಹಾಕಿದ ಎಂದಿಲ್ಲ. ‘ನನ್ನ ಪ್ರಭುವೇ, ನನ್ನ ದೇವರೇ’ ಅಂದ, ಅಷ್ಟೇ ಇರುವುದು. ಅದಕ್ಕೆ ಮುಂಚೆ 11ನೇ ಅಧ್ಯಾಯದಲ್ಲಿ ‘ನಾವೂ ಹೋಗೋಣ, ಅವರ ಜೊತೆ ಸಾಯೋಣ’ ಅಂದವನೂ ಇದೇ ತೋಮ. ಅದಕ್ಕೆ ಯಾರೂ ‘ಧೈರ್ಯದ ತೋಮ’ ಎಂದು ಹೆಸರಿಡಲಿಲ್ಲ ನೋಡಿ.

ಆ ಹುಡುಗ ಆಮೇಲೆ ಕ್ಲಾಸಿಗೆ ಬರುವುದು ಕಮ್ಮಿ ಮಾಡಿದ. ಕಳೆದ ವರ್ಷ ಒಂದು ಮದುವೆಯಲ್ಲಿ ಸಿಕ್ಕ. ತಲೆ ಅರ್ಧ ಬೋಳಾಗಿದೆ. ಕೈ ತೊಳೆಯುವ ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿ, ‘ನೀನು ಅವತ್ತು ಕೇಳಿದ ಪ್ರಶ್ನೆ ಬಹಳ ಒಳ್ಳೇದು ಕಣೋ’ ಅಂದೆ. ‘ಯಾವ ಪ್ರಶ್ನೆ ಮಿಸ್?’ ಅಂದ. ‘ಹೊರಗೆ ನಿಂತಿದ್ದು ನೆನಪಿದೆ. ಬಿಸಿಲಿತ್ತು.’

ಪ್ರಶ್ನೆ: ಮನೆಯಲ್ಲಿ ಪಾಸ್ಕದ ಅಲಂಕಾರ ಎಷ್ಟು ದಿನ ಇಡಬಹುದು?
(ಓದುಗರು, ತುಮಕೂರು)

ಐವತ್ತು ದಿನವೂ ಇಡಿ. ಪಾಸ್ಕ ಒಂದು ದಿನದ ಹಬ್ಬವಲ್ಲ. ನಲವತ್ತು ದಿನ ಉಪವಾಸಕ್ಕೆ ಲೆಕ್ಕ ಇಡುವ ನಾವು ಸಂತೋಷಕ್ಕೆ ಲೆಕ್ಕ ಇಡುವುದಿಲ್ಲ. ಬಲೂನು ಮಾತ್ರ ತೆಗೆಯಿರಿ. ಮೂರನೇ ದಿನಕ್ಕೇ ಸುಕ್ಕಾಗಿರುತ್ತವೆ.

ಪ್ರಶ್ನೆ: ನಮ್ಮೂರಿಗೆ ಬಂದಿದ್ದ ಬೋಧಕರೊಬ್ಬರು ‘ವೇಶ್ಯೆಯಾಗಿದ್ದ ಮಗ್ದಲದ ಮರಿಯಳಿಗೇ ಪುನರುತ್ಥಾನದ ಯೇಸು ಮೊದಲು ಕಾಣಿಸಿಕೊಂಡರು, ಎಂಥ ಕೃಪೆ!’ ಎಂದು ಪ್ರಸಂಗ ಮಾಡಿದರು. ಹೆಂಗಸರಿಗೆಲ್ಲ ಒಂಥರಾ ಆಯಿತು. ಇದು ಬೈಬಲಿನಲ್ಲಿ ಇದೆಯೇ?
(ಮಹಿಳಾ ಸಂಘದ ಸದಸ್ಯೆ, ಕೊಳ್ಳೇಗಾಲ)

ಇಲ್ಲ. ಎಲ್ಲೂ ಇಲ್ಲ. ಇರುವುದು ಇಷ್ಟು. ಲೂಕ 8ನೇ ಅಧ್ಯಾಯ: ಏಳು ದೆವ್ವಗಳಿಂದ ಬಿಡುಗಡೆಯಾದ ಮರಿಯ, ಬೇರೆ ಹೆಂಗಸರ ಜೊತೆ ಸೇರಿ ಸ್ವಂತ ಖರ್ಚಿನಲ್ಲಿ ಯೇಸುಸ್ವಾಮಿ ಮತ್ತು ಶಿಷ್ಯರನ್ನು ನೋಡಿಕೊಳ್ಳುತ್ತಿದ್ದಳು. ದುಡ್ಡು ಕಾಸು ಇದ್ದ ಹೆಂಗಸು. ಮಗ್ದಲ ಗಲಿಲೇಯ ಸರೋವರದ ಪಶ್ಚಿಮ ದಡದ ಊರು. ಮೀನಿನ ವ್ಯಾಪಾರದ ಊರು. ಮೀನಿಗೆ ಉಪ್ಪು ಹಾಕಿ ಕೆಡದಂತೆ ಇಡುವ ಕೆಲಸಕ್ಕೆ ಹೆಸರಾಗಿತ್ತು.

ಹಾಗಾದರೆ ಈ ಕಳಂಕ ಎಲ್ಲಿಂದ ಬಂತು? ಲೂಕ 7ನೇ ಅಧ್ಯಾಯದಲ್ಲಿ ಹೆಸರಿಲ್ಲದ ಒಬ್ಬ ಪಾಪಿ ಹೆಂಗಸು ಕಣ್ಣೀರಿನಿಂದ ಯೇಸುಸ್ವಾಮಿಯ ಪಾದ ತೊಳೆಯುತ್ತಾಳೆ. 591ರಲ್ಲಿ ಪೋಪ್ ಮಹಾ ಗ್ರೆಗೋರಿ ಒಂದು ಪ್ರಸಂಗದಲ್ಲಿ ಆಕೆಯನ್ನೂ ಬೆಥಾನಿಯದ ಮರಿಯಳನ್ನೂ ಮಗ್ದಲದ ಮರಿಯಳನ್ನೂ ಒಬ್ಬಳೇ ಎಂದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಕೇಳಬೇಕೇ? ಸಾವಿರದ ಮುನ್ನೂರು ವರ್ಷಕ್ಕೂ ಮೇಲೆ ಅದೇ ನಡೆಯಿತು. 1969ರಲ್ಲಿ ಪೂಜಾ ಪಂಚಾಂಗ ತಿದ್ದಿದಾಗ ಮೂವರನ್ನು ಬೇರೆ ಮಾಡಿದರು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಆಕೆಯ ಸ್ಮರಣೆಯನ್ನು ಪ್ರೇಷಿತರ (ಯೇಸುಸ್ವಾಮಿ ಕಳಿಸಿದ ಮುಖ್ಯ ಶಿಷ್ಯರ) ಹಬ್ಬದ ಸಾಲಿಗೇ ಏರಿಸಿದರು. ಪುನರುತ್ಥಾನದ ಸುದ್ದಿಯನ್ನು ಪ್ರೇಷಿತರಿಗೆ ಮುಟ್ಟಿಸಿದವಳು ಅಲ್ವಾ ಆಕೆ.

ಆ ಬೋಧಕರಿಗೆ ಕೋಪದಿಂದ ಹೇಳಬೇಡಿ. ಪುಸ್ತಕ ತೆರೆದು ‘ಯಾವ ವಚನ ಫಾದರ್?’ ಎಂದು ಮೆತ್ತಗೆ ಕೇಳಿ. ನಾಲ್ಕು ಜನ ಹೆಂಗಸರು ಒಟ್ಟಿಗೆ ಹೋಗಿ ಕೇಳಿ.

ಆಕೆ ಯೇಸುಸ್ವಾಮಿಯನ್ನು ತೋಟದವನು ಅಂದುಕೊಂಡಳಲ್ಲ, ನನಗೆ ಬಹಳ ಇಷ್ಟದ ಜಾಗ ಅದು. ‘ಅಯ್ಯಾ, ನೀವು ಎತ್ತಿಕೊಂಡು ಹೋಗಿದ್ದರೆ ಎಲ್ಲಿಟ್ಟಿದ್ದೀರಿ ಹೇಳಿ, ನಾನು ತೆಗೆದುಕೊಂಡು ಹೋಗುತ್ತೇನೆ’ ಅನ್ನುತ್ತಾಳೆ. ಒಬ್ಬಳೇ ಹೆಂಗಸು, ಒಂದು ಹೆಣವನ್ನು ಹೇಗೆ ಹೊರುತ್ತಾಳೆ? ಆಕೆಗೆ ಆ ಲೆಕ್ಕವೇ ಹೊಳೆದಿಲ್ಲ.

ಪ್ರಶ್ನೆ: ನಾನು 71 ವರ್ಷದವನು. ನನ್ನ ಹೆಂಡತಿ ಕಳೆದ ಆಗಸ್ಟಿನಲ್ಲಿ ತೀರಿಕೊಂಡಳು. ಪೂಜೆಗೆ ಹೋಗುತ್ತೇನೆ, ಪರಮಪ್ರಸಾದ ಸ್ವೀಕರಿಸುತ್ತೇನೆ, ಏನೂ ಅನ್ನಿಸುವುದಿಲ್ಲ. ಎಮ್ಮಾವುಸಿನ ದಾರಿಯಲ್ಲಿ ಹೋದವರ ಹೃದಯ ಉರಿಯುತ್ತಿತ್ತಂತೆ. ನನ್ನದು ತಣ್ಣಗಿದೆ. ನನ್ನ ವಿಶ್ವಾಸ ಹೋಯಿತೇ?
(ಹೆಸರು ಬೇಡ, ಸಕಲೇಶಪುರ)

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ ಅಣ್ಣಾ. ನನ್ನವರು ಹೋಗಿ ಆರು ವರ್ಷ. ಹಾಗಾಗಿ ಸಮಾಧಾನದ ಮಾತು ಹೇಳುವುದಿಲ್ಲ. ಅವು ಕೇಳಿ ಕೇಳಿ ಸಾಕಾಗಿರುತ್ತದೆ.

ಈ ವರ್ಷ ಮೂರನೇ ಭಾನುವಾರಕ್ಕೆ ಬಂದದ್ದು ಅದೇ ಪಾಠ, ಲೂಕ 24. ಇನ್ನೊಮ್ಮೆ ಮನೆಯಲ್ಲಿ ಕೂತು ಓದಿ. ಆ ಇಬ್ಬರು ಜೆರುಸಲೇಮಿನಿಂದ ಸುಮಾರು ಹನ್ನೊಂದು ಕಿಲೋಮೀಟರ್ ದೂರದ ಎಮ್ಮಾವುಸ್ ಊರಿಗೆ ನಡೆದುಕೊಂಡು ಹೋಗುತ್ತಿದ್ದಾರೆ. ಮುಖ ಬಾಡಿದೆ. ಯಾರೋ ಒಬ್ಬ ದಾರಿಹೋಕ ಜೊತೆ ಸೇರಿ, ಏನು ಮಾತಾಡ್ತಾ ಇದ್ದೀರಿ ಅನ್ನುತ್ತಾನೆ. ನಿನಗೆ ಗೊತ್ತೇ ಇಲ್ವಾ ಎಂದು ಇವರು ಕೇಳುತ್ತಾರೆ. ‘ಏನದು?’ ಅನ್ನುತ್ತಾನೆ.

ಏನದು! ಆ ದಾರಿಹೋಕ ಶಿಲುಬೆಗೆ ಹೋದ ಯೇಸುಸ್ವಾಮಿಯೇ. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಏನೂ ತಿಳಿಯದವರ ಹಾಗೆ ಕೇಳುತ್ತಾರೆ. ಇವರಿಬ್ಬರು ಇಡೀ ಕಥೆ ಹೇಳುವವರೆಗೂ ಬಾಯಿ ಹಾಕುವುದಿಲ್ಲ. ‘ನಾವು ಎಷ್ಟು ನಂಬಿಕೊಂಡಿದ್ದೆವು’ ಎಂಬ ಮಾತು ಬರುವುದು ಅಲ್ಲೇ. ಆ ಮಾತು ಹೇಳುವಾಗ, ಅವರು ಯಾರನ್ನು ನಂಬಿಕೊಂಡಿದ್ದರೋ ಆ ಯೇಸುಸ್ವಾಮಿ ಅವರ ಪಕ್ಕದಲ್ಲೇ ನಡೆಯುತ್ತಿದ್ದರು. ಆಮೇಲೆ ಅವರನ್ನು ಗದರಿಸಿದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲು ಕೇಳಿದರು.

ಈಗ ನಿಮ್ಮ ಉರಿಯುವ ಹೃದಯ. ಆ ಮಾತು ದಾರಿಯಲ್ಲಿ ಬರುವುದಿಲ್ಲ. 32ನೇ ವಚನದಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಊರು ಸೇರಿದ್ದಾಯಿತು, ರೊಟ್ಟಿ ಮುರಿದದ್ದಾಯಿತು, ಯೇಸುಸ್ವಾಮಿ ಕಣ್ಣಿಂದ ಮರೆಯಾದದ್ದೂ ಆಯಿತು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು, ದಾರಿಯಲ್ಲಿ ನಮ್ಮ ಹೃದಯ ಉರಿಯುತ್ತಿತ್ತಲ್ವಾ ಅನ್ನುತ್ತಾರೆ. ನಡೆಯುವಾಗ ಅವರಿಗೂ ಕಾಲು ನೋವು ಬಿಟ್ಟು ಬೇರೇನೂ ಗೊತ್ತಾಗಿರಲಿಕ್ಕಿಲ್ಲ. ಕಾಲು ನೋವು ನನ್ನ ಊಹೆ. ಮಿಕ್ಕಿದ್ದು ಪಾಠದಲ್ಲಿದೆ.

ಇನ್ನೊಂದು ವಿಷಯ. ಇಬ್ಬರಲ್ಲಿ ಒಬ್ಬನ ಹೆಸರು ಕ್ಲೆಯೋಫ. ಇನ್ನೊಬ್ಬರ ಹೆಸರು ಲೂಕ ಬರೆದಿಲ್ಲ, ಗಂಡಸೆಂದೂ ಬರೆದಿಲ್ಲ. ಯೊವಾನ್ನನ 19ನೇ ಅಧ್ಯಾಯದಲ್ಲಿ ಶಿಲುಬೆಯ ಬಳಿ ಕ್ಲೋಪನ ಹೆಂಡತಿ ಮರಿಯ ನಿಂತಿರುತ್ತಾಳೆ. ಕ್ಲೋಪ, ಕ್ಲೆಯೋಫ ಒಬ್ಬನೇ ಇರಬಹುದು, ಎಮ್ಮಾವುಸಿಗೆ ಹೋದವರು ಗಂಡ ಹೆಂಡತಿ ಇರಬಹುದು ಎಂದು ಕೆಲವು ಪಂಡಿತರು ಹೇಳುತ್ತಾರೆ. ಇರಬಹುದು, ಅಷ್ಟೇ. ಆದರೆ ‘ಕತ್ತಲಾಗ್ತಾ ಬಂತು, ಇಲ್ಲೇ ಇದ್ದುಬಿಡಿ’ ಎಂದು ಬಿಡದೆ ಒತ್ತಾಯ ಮಾಡಿದ ರೀತಿ ನೋಡಿದರೆ ನನಗೂ ಮನೆಯಲ್ಲಿ ಹೆಂಗಸೊಬ್ಬಳು ಇದ್ದಳು ಅನ್ನಿಸುತ್ತದೆ.

ನಿಮಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಮನೆಯವರ ಬಗ್ಗೆ ಯಾರಿಗಾದರೂ ಮೊದಲಿಂದ ಕೊನೆಯವರೆಗೆ ಹೇಳಿ. ಅವರು ಗೊತ್ತಿದ್ದವರೇ ಆದರೂ ಪರವಾಗಿಲ್ಲ. ಕೇಳುವವರು ಸಿಗದಿದ್ದರೆ ನನಗೆ ಬರೆಯಿರಿ. ಅವರು ಯಾವ ಸಾರು ಚೆನ್ನಾಗಿ ಮಾಡುತ್ತಿದ್ದರು ಎಂಬಲ್ಲಿಂದ ಶುರು ಮಾಡಿ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್. ಪಾಸ್ಕದ ಮೊದಲ ವಾರದ ಶುಕ್ರವಾರ ಪೂಜೆಯಲ್ಲಿ ಶಿಷ್ಯರು 153 ಮೀನು ಹಿಡಿದ ಕಥೆ ಓದಿದರು. ಸರಿಯಾಗಿ 153 ಯಾಕೆ? ನೂರೈವತ್ತು ಅಂದರೆ ಸಾಕಿತ್ತಲ್ಲ?
(ವಿದ್ಯಾರ್ಥಿ, ಕೋಲಾರ)

ಲೆಕ್ಕದವನು ಅಂತ ಕಾಣುತ್ತೆ. 1ರಿಂದ 17ರವರೆಗೆ ಎಲ್ಲ ಅಂಕೆ ಕೂಡಿ ನೋಡು. 153 ಬರುತ್ತದೆ. ಸಂತ ಆಗಸ್ಟೀನರು ಇದನ್ನು ಕಂಡುಹಿಡಿದು, 17 ಅಂದರೆ ಹತ್ತು ಆಜ್ಞೆ ಮತ್ತು ಪವಿತ್ರಾತ್ಮರ ಏಳು ವರದಾನ ಎಂದು ವಿವರಿಸಿದರು. ಸಂತ ಜೆರೋಮರು ಇನ್ನೊಂದು ಹೇಳಿದರು: ಲೋಕದಲ್ಲಿ 153 ಜಾತಿ ಮೀನು ಇವೆ ಎಂದು ಆಗಿನ ಪಂಡಿತರು ನಂಬಿದ್ದರು, ಅಂದರೆ ಎಲ್ಲ ಜನಾಂಗವೂ ಬಲೆಗೆ ಬಂದ ಹಾಗೆ. ನನಗೆ ಕೇಳಿದರೆ, ಮೀನು ಹಿಡಿಯುವವರು ಎಣಿಸುತ್ತಾರೆ. ಪಾಲು ಹಂಚಬೇಕಲ್ಲ. ಪುನರುತ್ಥಾನದ ಪ್ರಭು ದಡದಲ್ಲಿ ನಿಂತಿದ್ದರೂ ಯಾರೋ ಒಬ್ಬ ಕೂತು ಒಂದೊಂದಾಗಿ ಎಣಿಸಿದ್ದಾನೆ ನೋಡು.

ನಿನ್ನ ಪ್ರಶ್ನೆ ಇಲ್ಲಿಗೆ ಮುಗಿಯಿತು. ಆದರೆ ಈ ಪಾಠ ಬಂದರೆ ನನಗೆ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ಇಷ್ಟ ಇದ್ದರೆ ಮುಂದೆ ಓದು.

ಗಲಿಲೇಯ ಸರೋವರದ ಹೋಟೆಲುಗಳಲ್ಲಿ ಈಗಲೂ ‘ಪೇತ್ರನ ಮೀನು’ ಎಂದು ಬಡಿಸುವುದು ತಿಲಾಪಿಯಾ ಜಾತಿಯ ಮೀನು. ನಮ್ಮ ಕೆರೆಗಳಲ್ಲಿ ಜಿಲೇಬಿ ಅನ್ನುತ್ತೇವಲ್ಲ, ಅದರ ನೆಂಟ. ನನ್ನ ಅಣ್ಣ ಹೇಮಾವತಿ ಹಿನ್ನೀರಿನ ಕಡೆಯಿಂದ ತರುತ್ತಿದ್ದ. ಬೆನ್ನ ಮೇಲಿನ ಮುಳ್ಳು ಚುಚ್ಚಿದರೆ ಎರಡು ದಿನ ಬೆರಳು ನೋವು. ಹುರುಪೆ ತೆಗೆದು, ಎರಡೂ ಕಡೆ ಗೀರು ಹಾಕಿ, ಉಪ್ಪು, ಅರಿಶಿನ, ಖಾರದಪುಡಿ ಸವರಿ ಕೆಂಡದ ಮೇಲಿಡುತ್ತಿದ್ದೆವು. ಬೆಂಕಿ ಉರಿಯುತ್ತಿರುವಾಗ ಮೀನು ಇಟ್ಟರೆ ಮೇಲೆ ಕರಕಲು, ಒಳಗೆ ಹಸಿ. ಉರಿ ಆರಬೇಕು. ಮೇಲೆ ಬಿಳಿ ಬೂದಿ ಕೂರಬೇಕು. ಕೆಂಡ ಹದಕ್ಕೆ ಬರಲು ಅರ್ಧ ಗಂಟೆಯಾದರೂ ಬೇಕು.

ಈಗ ಯೊವಾನ್ನ 21ರ 9ನೇ ವಚನ ಓದು. ಶಿಷ್ಯರು ದಡಕ್ಕೆ ಬಂದಾಗ ಕೆಂಡ ಸಿದ್ಧವಾಗಿದೆ, ಅದರ ಮೇಲೆ ಮೀನಿದೆ, ರೊಟ್ಟಿ ಇದೆ. ಆಗಿನ್ನೂ ಬೆಳಗಿನ ಜಾವ. ಅಂದರೆ ಇವರು ದೋಣಿಯಲ್ಲಿ ಖಾಲಿ ಬಲೆ ಎಳೆಯುತ್ತಾ ಬೈದುಕೊಳ್ಳುತ್ತಿದ್ದ ಹೊತ್ತಿಗೇ ಅಲ್ಲಿ ಯಾರೋ ಕೂತು ಬೆಂಕಿ ಹೊತ್ತಿಸಿದ್ದಾರೆ. ಇವರ ಮೀನಿಗಾಗಿ ಕಾದಿಲ್ಲ. ಆದರೂ ‘ನೀವು ಹಿಡಿದದ್ದರಲ್ಲಿ ಕೆಲವನ್ನು ತನ್ನಿ’ ಅನ್ನುತ್ತಾರೆ. ಅಡುಗೆ ಆಗಿದ್ದರೂ ನೆಂಟರು ತಂದದ್ದನ್ನು ಒಲೆಗೆ ಹಾಕುತ್ತೇವಲ್ಲ, ಹಾಗೆ.

ಕೆಂಡ ಎಂಬುದಕ್ಕೆ ಗ್ರೀಕ್‌ನಲ್ಲಿ ಇರುವ ಪದ ‘ಅಂಥ್ರಾಕಿಯ’. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಎರಡೇ ಕಡೆ ಬರುತ್ತದೆ. ಒಂದು ಇಲ್ಲಿ. ಇನ್ನೊಂದು 18ನೇ ಅಧ್ಯಾಯದಲ್ಲಿ, ಯೇಸುಸ್ವಾಮಿಯನ್ನು ಬಂಧಿಸಿದ ರಾತ್ರಿ ಪ್ರಧಾನ ಯಾಜಕನ ಅಂಗಳದಲ್ಲಿ. ಅಲ್ಲಿ ಚಳಿಗೆ ಕೆಂಡ ಕಾಯಿಸಿಕೊಳ್ಳುತ್ತಾ ನಿಂತಿದ್ದವನು ಶಿಷ್ಯ ಪೇತ್ರ. ಅವನು ಮೂರು ಸಲ ‘ನಾನು ಅವನ ಶಿಷ್ಯನಲ್ಲ’ ಅಂದದ್ದು ಅದೇ ಅಂಗಳದಲ್ಲಿ. ಈಗ ಮತ್ತೆ ಕೆಂಡ, ಮತ್ತೆ ಮೂರು ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಎರಡು ಕಡೆ ಒಂದೇ ಪದ ಎನ್ನುವುದು ನಿಜ. ಆ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಪೇತ್ರನಿಗೆ ಏನಾಯಿತು ಎನ್ನುವುದು ನನ್ನ ಊಹೆ. ಪರೀಕ್ಷೆಯಲ್ಲಿ ಬರೆಯಬೇಡ.

ಆದರೆ ಇದು ಬರೆಯಬಹುದು: ಆ ಮೂರು ಪ್ರಶ್ನೆ ಕೇಳಿದ್ದು ಊಟ ಮುಗಿದ ಮೇಲೆ. 15ನೇ ವಚನ. ಹಸಿದವನನ್ನು ಕೂರಿಸಿಕೊಂಡು ವಿಚಾರಣೆ ಮಾಡಲಿಲ್ಲ.

ಪ್ರಶ್ನೆ: ನಮ್ಮ ತಾತ ಕುರಿ ಕಾಯುತ್ತಿದ್ದರು. ಯೇಸುಸ್ವಾಮಿ ಒಂದು ಕಡೆ ನಾನೇ ಕುರಿಗಾಹಿ ಅನ್ನುತ್ತಾರೆ, ಇನ್ನೊಂದು ಕಡೆ ನಾನೇ ಬಾಗಿಲು ಅನ್ನುತ್ತಾರೆ. ಎರಡೂ ಒಬ್ಬರೇ ಹೇಗೆ?
(ಓದುಗರು, ಹಿರಿಯೂರು)

ಚೆನ್ನಾಗಿ ಹಿಡಿದಿರಿ. ಇನ್ನೂ ಒಂದು ತಮಾಷೆ ಇದೆ. ನಾಲ್ಕನೇ ಭಾನುವಾರವನ್ನು ‘ಒಳ್ಳೆಯ ಕುರಿಗಾಹಿಯ ಭಾನುವಾರ’ ಅನ್ನುತ್ತೇವೆ. ಆದರೆ ಈ ವರ್ಷ ಓದಿದ್ದು ಯೊವಾನ್ನ 10, 1ರಿಂದ 10ನೇ ವಚನ. ‘ನಾನೇ ಒಳ್ಳೆಯ ಕುರಿಗಾಹಿ’ ಎಂಬ ಮಾತು 11ನೇ ವಚನದಲ್ಲಿದೆ! ಅಂದರೆ ಈ ವರ್ಷ ಆ ಭಾನುವಾರ ಅವರು ತಮ್ಮನ್ನು ಕರೆದುಕೊಂಡದ್ದು ಬಾಗಿಲು ಎಂದು ಮಾತ್ರ. ನಮ್ಮ ಚರ್ಚಿನಲ್ಲಿ ಪ್ರಸಂಗ ಪೂರ್ತಿ ಕುರಿಗಾಹಿಯ ಮೇಲೇ ಆಯಿತು. ಹೆಗಲ ಮೇಲೆ ಕುರಿ ಹೊತ್ತ ಪಟವನ್ನೂ ಇಟ್ಟಿದ್ದರು. ಆ ಕುರಿ ಲೂಕನ 15ನೇ ಅಧ್ಯಾಯದ್ದು.

ನಿಮ್ಮ ತಾತನ ರೊಪ್ಪ ನೆನಪಿಸಿಕೊಳ್ಳಿ. ಅರಸೀಕೆರೆ ಕಡೆ ರಾಗಿ ಕುಯ್ಲಾದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಸುತ್ತ ಮುಳ್ಳುಕಂಟಿ. ಒಂದು ಕಡೆ ಮಾತ್ರ ಸಂದು. ಅದಕ್ಕೆ ಬಾಗಿಲೂ ಇಲ್ಲ, ಅಗುಳಿಯೂ ಇಲ್ಲ. ರಾತ್ರಿ ಆ ಸಂದಿಗೆ ಅಡ್ಡವಾಗಿ ಒಬ್ಬ ಮುದುಕ ಕಂಬಳಿ ಹೊದ್ದು ಮಲಗಿದ್ದ. ಕುರಿ ಹೊರಗೆ ಹೋಗಬೇಕಾದರೂ, ತೋಳ ಒಳಗೆ ಬರಬೇಕಾದರೂ ಅವನನ್ನು ದಾಟಿಯೇ ಹೋಗಬೇಕು. ಯೊವಾನ್ನ ಹೇಳುವ ಹಟ್ಟಿಯಲ್ಲಿ ಬಾಗಿಲು ಕಾಯುವ ಆಳು ಬೇರೆ ಇದ್ದಾನೆ, ಹಾಗಾಗಿ ಇದೇ ಅರ್ಥ ಎಂದು ಹಟ ಹಿಡಿಯುವುದಿಲ್ಲ. ಆದರೆ ಒಬ್ಬನೇ ಮನುಷ್ಯ ಕುರಿಗಾಹಿಯೂ ಬಾಗಿಲೂ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಈಗ ಎಲ್ಲ ಕಡೆ ನೈಲಾನ್ ಬಲೆ ಬಂದಿದೆ. ತಾತನನ್ನು ಕೇಳಿ ಬೆಳೆದ ನೀವೇ ನಮ್ಮ ಪ್ರಸಂಗಕಾರರಿಗೆ ಒಂದು ಪತ್ರ ಬರೆಯಬಾರದೇ?

ಪ್ರಶ್ನೆ: ಕಳೆದ ತಿಂಗಳು ನೀವು ‘ಸಮಾಧಿಗೆ ಹೋದ ಮೂವರು ಹೆಂಗಸರು’ ಎಂದು ಬರೆದಿರಿ. ನಮ್ಮ ಚರ್ಚಿನಲ್ಲಿ ಪಾಸ್ಕ ಜಾಗರಣೆಯ ರಾತ್ರಿ ಓದಿದ್ದು ಮತ್ತಾಯ. ಅದರಲ್ಲಿ ಇಬ್ಬರೇ. ಬರೆದದ್ದನ್ನು ಓದಿ ಅನ್ನುವ ಟೀಚರ್ ತಾವೇ ಓದಲಿಲ್ಲವೇ?
(ಓದುಗರು, ಮೈಸೂರು)

ಓದಲಿಲ್ಲ. ತಪ್ಪಾಯಿತು. ಮೂವರು ಇರುವುದು ಮಾರ್ಕನಲ್ಲಿ. ಮತ್ತಾಯನಲ್ಲಿ ಇಬ್ಬರು. ಲೂಕನಲ್ಲಿ ಮೂವರ ಹೆಸರು ಹೇಳಿ ‘ಮತ್ತಿತರರು’ ಅನ್ನುತ್ತಾನೆ. ಯೊವಾನ್ನನಲ್ಲಿ ಮಗ್ದಲದ ಮರಿಯ ಒಬ್ಬಳೇ. ಆದರೆ ಅವಳು ಓಡಿ ಬಂದು ಹೇಳುವುದು ‘ಎಲ್ಲಿಟ್ಟಿದ್ದಾರೋ ನಮಗೆ ಗೊತ್ತಿಲ್ಲ’ ಎಂದು. ‘ನಮಗೆ’! ನಾಲ್ಕು ಪುಸ್ತಕದಲ್ಲೂ ಇರುವವಳು ಆಕೆ ಮಾತ್ರ. ನಿಮಗೆ ಹತ್ತಕ್ಕೆ ಹತ್ತು, ನನಗೆ ಆರು.

ಪ್ರಶ್ನೆ: ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿದ್ದಾರೆ. ಶೆಟ್ಟಿಹಳ್ಳಿಯ ಮುಳುಗುವ ಚರ್ಚ್ ನೋಡಬೇಕಂತೆ. ನಾನು ಅಲ್ಲೇ ಜ್ಞಾನಸ್ನಾನ ಪಡೆದವಳು. ಪಾಳುಬಿದ್ದದ್ದನ್ನು ನೋಡಲು ಮನಸ್ಸಿಲ್ಲ. ‘ಜೀವಂತರಾಗಿರುವವರನ್ನು ಸತ್ತವರ ನಡುವೆ ಹುಡುಕುವುದೇಕೆ’ ಎಂದು ಶುಭಸಂದೇಶವೇ ಹೇಳುತ್ತದಲ್ಲ?
(ಅಜ್ಜಿಯೊಬ್ಬರು, ಹಾಸನ)

ಹಾಸನದವರೇ! ನಮ್ಮ ಅಜ್ಜಿಯ ತವರೂ ಆ ಕಡೆಯದೇ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಮಾತೆಯ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರು ಬಂತು, ಊರು ಎದ್ದಿತು. ಜನ ಬೇರೆ ಕಡೆ ನೆಲೆ ನಿಂತರು. ಗೋಡೆ ಅಲ್ಲೇ ಉಳಿಯಿತು. ನಮ್ಮ ಅಜ್ಜಿ ಸಾಯುವವರೆಗೂ ಆ ಚರ್ಚಿಗೆ ಪಾಳು ಎಂಬ ಪದ ಬಳಸಲಿಲ್ಲ. ‘ನಮ್ಮ ಚರ್ಚಿಗೆ ನೀರು ಬಂದಿದೆ’ ಅನ್ನುತ್ತಿದ್ದಳು, ನೆಂಟರು ಬಂದಿದ್ದಾರೆ ಅನ್ನುವ ಹಾಗೆ.

ನೀವು ಹೇಳಿದ ಮಾತು ಲೂಕನದು. ಆದರೆ ಈ ವರ್ಷ ಜಾಗರಣೆಗೆ ಓದಿದ ಮತ್ತಾಯನಲ್ಲಿ ದೇವದೂತ ಬೇರೆ ಥರ ಹೇಳುತ್ತಾನೆ. ಅವರು ಇಲ್ಲಿಲ್ಲ, ಎದ್ದಿದ್ದಾರೆ, ‘ಬನ್ನಿ, ಅವರನ್ನು ಮಲಗಿಸಿದ್ದ ಸ್ಥಳವನ್ನು ನೋಡಿ’ ಅನ್ನುತ್ತಾನೆ. ಮೊದಲು ಬಂದು ನೋಡಿ, ಆಮೇಲೆ ಬೇಗ ಹೋಗಿ ತಿಳಿಸಿ. ನೋಡಬೇಡಿ ಎಂದಿಲ್ಲ.

ಕರೆದುಕೊಂಡು ಹೋಗಿ. ಬೆಳಿಗ್ಗೆ ಎಂಟರೊಳಗೆ ತಲುಪಿ, ಅಲ್ಲಿ ಸೂರಿಲ್ಲ, ಬಿಸಿಲು ಜಾಸ್ತಿ. ಕುಡಿಯುವ ನೀರು, ಟೋಪಿ ಇರಲಿ. ಗೋಡೆಯ ಕೆಲವು ಭಾಗ ಈಚೆಗೆ ಕುಸಿದಿದೆ, ಮಕ್ಕಳನ್ನು ಹತ್ತಲು ಬಿಡಬೇಡಿ. ಮದುವೆ ಫೋಟೋ ತೆಗೆಸುವ ಜೋಡಿಗಳು ಇರುತ್ತಾರೆ, ಇರಲಿ ಬಿಡಿ. ನಿಮಗೆ ನೀರು ಹಾಕಿ ಹೆಸರಿಟ್ಟ ಜಾಗ ಎಲ್ಲಿತ್ತು ಎಂದು ಮೊಮ್ಮಕ್ಕಳಿಗೆ ತೋರಿಸಿ. ನಿಮ್ಮನ್ನು ಬಿಟ್ಟರೆ ಅದನ್ನು ತೋರಿಸುವವರು ಇನ್ನು ಎಷ್ಟು ಜನ ಇದ್ದಾರೆ? ಮೇ ಮುಗಿಯುವುದರೊಳಗೆ ಹೋಗಿ ಬನ್ನಿ. ಮಳೆ ಹಿಡಿದರೆ ಮತ್ತೆ ನೀರು ಬರುತ್ತದೆ.